ಓನರ್ ಆಂಟಿ ಕೊಟ್ಟ ಹೇಳಿಕೆ

ಮನೆಯಲ್ಲಿ ಅವಳಿಗೆ ಸಿಡುಕಿ ಎಂದೇ ಹೆಸರು. ದಾಖಲೆಯಲ್ಲಿ ಬೇರೇನೋ ಚಂದದ ಹೆಸರಿದೆ, ಅದನ್ನು ಹಾಜರಿ ಹಾಕುವವರು ಮಾತ್ರ ಕರೆಯುತ್ತಾರೆ. ಕೋಪ ಅವಳ ಮೂಗಿನ ತುದಿಯಲ್ಲೇ ಇರುತ್ತಿತ್ತು, ಆದರೆ ಬಂದಷ್ಟೇ ಬೇಗ ಇಳಿದೂ ಹೋಗುತ್ತಿತ್ತು. ಬೆಳಿಗ್ಗೆ ಬಾಗಿಲು ದಢಾರನೆ ಹಾಕಿ ಹೋದವಳು ಸಂಜೆ ಏನೂ ಆಗಿಲ್ಲವೆಂಬಂತೆ ಬಂದು ಅಮ್ಮನ ಪಕ್ಕ ಕೂತು ಗುಂಡಿ ಹೊಲಿಯುತ್ತಿದ್ದಳು. ಇಪ್ಪತ್ತೈದನೆಯ ವಯಸ್ಸಿನಲ್ಲಿ ಬಂದ ಕೋಪ ಮಾತ್ರ ಹಾಗೆ ಇಳಿಯಲಿಲ್ಲ. ಅದು ಇಳಿಯುವಂಥದ್ದೂ ಆಗಿರಲಿಲ್ಲ.

ಕೆಳಗೆ ಓನರ್ ಆಂಟಿಯ ಸಂಸಾರ, ಮಹಡಿಯ ಮೇಲೆ ಇವರ ಎರಡು ಕೋಣೆಯ ಬಾಡಿಗೆ ಮನೆ. ಅಪ್ಪ ಲಿಫ್ಟ್ ರಿಪೇರಿ ಮಾಡುವವನು, ಯಾರೋ ನಡುವೆ ಸಿಕ್ಕಿಕೊಂಡರೆಂದರೆ ಊಟ ಬಿಟ್ಟು ಓಡಬೇಕು. ಅಮ್ಮ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಾಳೆ. ಕಾಲಲ್ಲಿ ತುಳಿಯುವ ಆ ಮಿಷನ್ನಿನ ಸದ್ದಿನ ಪಕ್ಕದಲ್ಲೇ ಕೂತು ಸಿಡುಕಿ ಎರಡು ವರ್ಷ ಓದಿದಳು. ಓದಿದ್ದು ವಿಮಾನ ನಿಲ್ದಾಣದ ಗೋಪುರದ ಕೆಲಸಕ್ಕೆ. ಯಾವ ವಿಮಾನ ಈಗ ಇಳಿಯಬೇಕು, ಯಾವುದು ಇನ್ನೊಂದು ಸುತ್ತು ಹಾಕಿ ಬರಬೇಕು ಎಂದು ಪೈಲಟ್‌ಗಳಿಗೆ ಹೇಳುವ ಕೆಲಸ. ಬರವಣಿಗೆಯ ಪರೀಕ್ಷೆ ಮುಗಿಯಿತು, ದನಿಯ ಪರೀಕ್ಷೆಯೂ ಮುಗಿಯಿತು. ದನಿ ಪರೀಕ್ಷಿಸಿದವನು, "ನೀವು ಬೈದ್ರೂ ಸ್ಪಷ್ಟವಾಗಿ ಕೇಳುತ್ತೆ" ಎಂದು ನಕ್ಕಿದ್ದ. ಇನ್ನು ಉಳಿದದ್ದು ಎರಡೇ: ಪೊಲೀಸರ ವಿಚಾರಣೆ ಮತ್ತು ವೈದ್ಯಕೀಯ ಪರೀಕ್ಷೆ. ಕಳ್ಳತನ ಮಾಡಿಲ್ಲ, ಕಾಯಿಲೆ ಬಿದ್ದಿಲ್ಲ, ಇನ್ನೇನು ಬೇಕು ಎಂದುಕೊಂಡಿದ್ದಳು.

ವೈದ್ಯಕೀಯ ಪರೀಕ್ಷೆ ಎರಡು ದಿನ ನಡೆಯಿತು. ಬಣ್ಣದ ಚುಕ್ಕೆಗಳ ಪುಸ್ತಕದಲ್ಲಿ ಅಡಗಿದ ಅಂಕಿಗಳನ್ನು ಅವಳು ಪುಟ ತಿರುವುವ ಮೊದಲೇ ಓದಿದಳು. ಗಾಳಿಯೂ ಆಡದ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಗುಂಡಿ ಒತ್ತು ಎಂದರು. ಸೊಳ್ಳೆ ಪಿಸುಗುಟ್ಟಿದಷ್ಟು ಸಣ್ಣ ಸದ್ದಿಗೂ ಒತ್ತಿದಳು. ಎದೆಗೆ ತಂತಿ ಅಂಟಿಸಿದರು, ರಕ್ತ ತೆಗೆದರು, ಒಂಟಿ ಕಾಲಲ್ಲಿ ನಿಲ್ಲಿಸಿದರು. ಎಲ್ಲ ಹಾಳೆಯ ಮೇಲೂ 'ಸರಿ' ಎಂದು ಬಿತ್ತು. ಕೊನೆಯ ಮೇಜಿನ ಮುಂದೆ ಕೂತಾಗ ಅವಳು ಅಮ್ಮನಿಗೆ ಫೋನಿನಲ್ಲಿ ಏನು ಹೇಳಬೇಕೆಂದು ಯೋಚಿಸುತ್ತಿದ್ದಳು.

ಆ ಮೇಜಿನ ಹಿಂದೆ ಇದ್ದವರು ವೈದ್ಯಕೀಯ ಮಂಡಳಿಯ ಹಿರಿಯ ವೈದ್ಯೆ. ಕಡತವನ್ನು ನಿಧಾನವಾಗಿ ಓದಿ, ಕನ್ನಡಕ ತೆಗೆದರು.

"ಹದಿನಾಲ್ಕನೇ ಪ್ರಶ್ನೆಗೆ ಇಲ್ಲ ಅಂತ ಬರ್ದಿದ್ದೀರಿ. ಮೂರ್ಛೆ, ಫಿಟ್ಸ್, ಪ್ರಜ್ಞೆ ತಪ್ಪೋದು, ಯಾವ್ದೂ ಇಲ್ಲ ಅಂತ."

"ಹೌದು ಮೇಡಂ. ಒಂದು ಸಲಾನೂ ಇಲ್ಲ."

ವೈದ್ಯೆ ಕಡತವನ್ನು ಅವಳ ಕಡೆಗೆ ತಿರುಗಿಸಿದರು. ಅದರಲ್ಲಿ ಪೊಲೀಸ್ ವರದಿ ಇತ್ತು. 'ನಡತೆ ಉತ್ತಮ. ಯಾವುದೇ ಮೊಕದ್ದಮೆ ಇರುವುದಿಲ್ಲ. ಸದರಿಯವರಿಗೆ ಆಗಾಗ್ಗೆ ಮೂರ್ಛೆ ಬರುವುದಾಗಿ ಮನೆ ಮಾಲೀಕರು ತಿಳಿಸಿರುತ್ತಾರೆ.'

ಸಿಡುಕಿ ಅದನ್ನು ಮೂರು ಸಲ ಓದಿದಳು. ಮೈಯೆಲ್ಲ ಉರಿದುಹೋಯಿತು. "ಇದು ಸುಳ್ಳು" ಎಂದಳು. ವೈದ್ಯೆ ಅವಳನ್ನು ನಂಬಲೂ ಇಲ್ಲ, ಬಿಡಲೂ ಇಲ್ಲ. ಮತ್ತೆ ಒಳಗೆ ಕಳಿಸಿ, ತಲೆಗೆ ಇಪ್ಪತ್ತು ತಂತಿ ಅಂಟಿಸಿ, ಕಣ್ಣಿಗೆ ಬೆಳಕು ಮಿನುಗಿಸಿ ಮಿದುಳಿನ ಪರೀಕ್ಷೆ ಮಾಡಿಸಿದರು. ಅದೂ ಸರಿಯಾಗಿಯೇ ಬಂತು.

"ಇವತ್ತು ಏನೂ ಕಾಣ್ತಿಲ್ಲ ಅಂದ್ರೆ ಯಾವತ್ತೂ ಬಂದಿಲ್ಲ ಅಂತ ಅಲ್ಲ. ಹೇಳಿದವ್ರೇ ಪೊಲೀಸರ ಮುಂದೆ ಲಿಖಿತವಾಗಿ ವಾಪಸ್ ತಗೊಳ್ಬೇಕು. ಹತ್ತು ದಿನ ಟೈಮು. ಆಮೇಲೆ ಕಾಯೋ ಪಟ್ಟೀಲಿರೋ ಮುಂದಿನವ್ರನ್ನ ಕರೀತೀವಿ. ನೀವು ಅಲ್ಲಿ ಕೂತಿರೋವಾಗ ಅರ್ಧ ನಿಮಿಷ ಪ್ರಜ್ಞೆ ಹೋದ್ರೆ ಏನಾಗುತ್ತೆ ಅಂತ ನಾನು ನಿಮ್ಗೆ ಹೇಳ್ಬೇಕಾಗಿಲ್ಲ."

ಹೇಳಬೇಕಾಗಿರಲಿಲ್ಲ. ವೈದ್ಯೆಯ ಮಾತಿನಲ್ಲಿ ತಪ್ಪು ಹುಡುಕಲು ಬಾರದೆ ಸಿಡುಕಿಯ ಸಿಟ್ಟು ಇನ್ನಷ್ಟು ಏರಿತು.

ಬಸ್ಸಿನಿಂದಿಳಿದು ನೇರ ಪೊಲೀಸ್ ಠಾಣೆಗೆ ಹೋದಳು. ವರದಿ ಬರೆದ ಪೇದೆ ನಿವೃತ್ತಿಗೆ ಹತ್ತಿರವಾದ, ಮೆತ್ತನೆ ಮಾತಿನ ಮನುಷ್ಯ. ಜಗಳಕ್ಕೆಂದೇ ಹೋದವಳಿಗೆ ಕುರ್ಚಿ ಹಾಕಿದ.

"ನಾನ್ಯಾಕಮ್ಮ ಸುಳ್ಳು ಬರೀಲಿ? ನಿಮ್ಮ ಬೀದೀಲಿ ನಾಲ್ಕು ಮನೆ ಕೇಳ್ದೆ. ನಾಲ್ಕರಲ್ಲೂ ಒಂದೇ ಮಾತು. ಒಳ್ಳೆ ಹುಡುಗಿ, ಪಾಪ, ಅದೊಂದು ಇದೆ ಅಂತ. ಎಲ್ರೂ ಓನರ್ ಹೇಳಿದ್ದು ಅಂದ್ರು. ಓನರನ್ನೂ ಕೇಳ್ದೆ, ಹೌದು ಅಂದ್ರು. ಅದಕ್ಕೇ ಅವ್ರ ಹೆಸ್ರು ಬರ್ದೆ."

ಪಾಪ, ಅದೊಂದು ಇದೆ. ಠಾಣೆಯಿಂದ ಮನೆಗೆ ಬರುವ ಹತ್ತು ನಿಮಿಷದ ದಾರಿಯಲ್ಲಿ ಸಿಡುಕಿಗೆ ಆರು ವರ್ಷದ ಲೆಕ್ಕ ಒಂದೊಂದಾಗಿ ಬಗೆಹರಿಯತೊಡಗಿತು. ಎದುರು ಮನೆಯಾಕೆ ರಸ್ತೆ ದಾಟುವಾಗಲೆಲ್ಲ ಬಂದು ತೋಳು ಹಿಡಿಯುತ್ತಿದ್ದದ್ದು ಇದಕ್ಕೆ. ಓನರ್ ಆಂಟಿ ಮಹಡಿಯ ಬಚ್ಚಲಿನ ಒಳಚಿಲಕವನ್ನು ತುಕ್ಕು ಹಿಡಿದಿದೆ ಎಂದು ಬಿಚ್ಚಿಸಿ ಮತ್ತೆ ಹಾಕಿಸದೇ ಇದ್ದದ್ದು ಇದಕ್ಕೆ. ಆರು ವರ್ಷ ಅವಳು ಬಾಗಿಲಿಗೆ ಬಕೆಟ್ ಒತ್ತಿಟ್ಟು ಸ್ನಾನ ಮಾಡಿದ್ದಳು. ಅವಳ ಹತ್ತಿರ ಮನೆಪಾಠಕ್ಕೆ ಬರುತ್ತಿದ್ದ ಏಳು ಮಕ್ಕಳು ಒಂದೇ ತಿಂಗಳಲ್ಲಿ ಬಿಟ್ಟುಹೋದದ್ದೂ ಇದಕ್ಕೇ. ಆಗ ಅವಳು ತನಗೆ ಪಾಠ ಹೇಳಲು ಬರುವುದಿಲ್ಲ ಎಂದುಕೊಂಡು ಒಂದು ವಾರ ಅತ್ತಿದ್ದಳು. ಇಡೀ ಬೀದಿಗೆ ಗೊತ್ತಿದ್ದ ಅವಳ ಕಾಯಿಲೆ ಅವಳೊಬ್ಬಳಿಗೇ ಗೊತ್ತಿರಲಿಲ್ಲ.

ಓನರ್ ಆಂಟಿ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದರು. ಸಿಡುಕಿ ಬಾಯಿಗೆ ಬಂದಂತೆ ಕೂಗಾಡಿದಳು. ಆಂಟಿ ಹೆದರಿ ಮೊದಲು ಮಾಡಿದ ಕೆಲಸವೆಂದರೆ, ಇವಳು ಬಿದ್ದುಬಿಟ್ಟಾಳೆಂದು ಎರಡೂ ಕೈ ಚಾಚಿ ಹತ್ತಿರ ಬಂದದ್ದು.

"ಮುಟ್ಬೇಡಿ ನನ್ನ. ನಂಗೆ ಮೂರ್ಛೆ ಬರುತ್ತೆ ಅಂತ ಯಾರು ಹೇಳಿದ್ದು ನಿಮ್ಗೆ?"

"ಯಾರು ಹೇಳ್ತಾರೆ? ನಿಮ್ಮಮ್ಮಾನೇ ಹೇಳಿದ್ದು. ಕಣ್ಣಲ್ಲಿ ನೀರು ಹಾಕ್ಕೊಂಡು ಹೇಳಿದ್ಳು. ವಿಮಾನದ ಕೆಲ್ಸ ಅಂದಾಗ ನಂಗೂ ಭಯ ಆಯ್ತು ಕಣಮ್ಮ. ಮುಚ್ಚಿಡೋದು ಸರೀನಾ?"

ಸಿಡುಕಿ ಮೆಟ್ಟಿಲು ಹತ್ತಿ ಬಂದಾಗ ಅಮ್ಮ ನೀಲಿ ಬಟ್ಟೆಗೆ ಜೇಬು ಕೂರಿಸುತ್ತಿದ್ದಳು. ಕೆಳಗಿನ ಕೂಗಾಟವೆಲ್ಲ ಕೇಳಿಸಿತ್ತು. ತುಳಿಯುವುದನ್ನು ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ನಿಂಗೆ ಹತ್ತೊಂಬತ್ತು ಆಗ. ಅವ್ರ ಮಗನಿಗೆ ನಿನ್ನ ಕೇಳ್ಕೊಂಡು ಬಂದಿದ್ರು. ತಟ್ಟೆ ತುಂಬ ಹಣ್ಣು ಇಟ್ಕೊಂಡು ಬಂದು ಕೂತ್ಬಿಟ್ಟಿದ್ರು. ನಾವು ಅವ್ರ ಮನೇಲೇ ಇರೋರು. ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ. ಬಾಯಿಗೆ ಬಂದಿದ್ದು ಅದು."

"ನನ್ನ ಕೇಳಿದ್ಯಾ? ನಾನೇ ಹೋಗಿ ಬೇಡ ಅಂತಿದ್ದೆ."

"ಅಂತಿದ್ದೆ. ಗೊತ್ತು. ಅದಕ್ಕೇ ಕೇಳ್ಲಿಲ್ಲ."

"ಅಪ್ಪಂಗೂ ಗೊತ್ತಾ?"

"ಹೂಂ."

"ಆಮೇಲಾದ್ರೂ ಇಲ್ಲ ಅಂತ ಹೇಳ್ಬಹುದಿತ್ತಲ್ಲ. ಆರು ವರ್ಷ. ಜನ ನನ್ನ ಕೈ ಹಿಡ್ಕೊಂಡು ರಸ್ತೆ ದಾಟಿಸ್ತಿದ್ರು. ನೀನು ಕಿಟಕೀಲಿ ನಿಂತ್ಕೊಂಡು ನೋಡ್ತಿದ್ದೆ."

ಈಗ ಮಿಷನ್ ನಿಂತಿತು. "ಯಾಕೆ ಹೇಳ್ಬೇಕಿತ್ತು?" ಎಂದಳು ಅಮ್ಮ. ದನಿಯಲ್ಲಿ ತಪ್ಪು ಮಾಡಿದವರ ಅಳುಕಿರಲಿಲ್ಲ. "ಆ ಮಾತು ಹಬ್ಬಿದ ಮೇಲೆ ಒಬ್ರೂ ನಿನ್ನ ಕೇಳ್ಕೊಂಡು ಬರ್ಲಿಲ್ಲ. ಮದುವೆ ಮದುವೆ ಅಂತಿದ್ದ ನಿಮ್ಮ ದೊಡ್ಡಮ್ಮ ಬಾಯಿ ಮುಚ್ಕೊಂಡ್ಳು. ನೀನು ಆರಾಮಾಗಿ ಕೂತು ಓದಿದೆ."

ಸಿಡುಕಿಗೆ ಇನ್ನೂ ರೇಗಿತು. ಈ ಓದು ತನ್ನ ಹಟದಿಂದ, ತನ್ನ ತಲೆಯಿಂದ ದಕ್ಕಿದ್ದು ಎಂದು ಅವಳು ನಂಬಿಕೊಂಡಿದ್ದಳು. ಈಗ ಅದರ ಕಾವಲಿಗೆ ಒಂದು ಸುಳ್ಳು ಕಾಯಿಲೆಯನ್ನು ಕೂರಿಸಿದ್ದರೆಂದು ಗೊತ್ತಾಯಿತು. ಅದೇ ಕಾಯಿಲೆ ಈಗ ಕೆಲಸವನ್ನು ನುಂಗುತ್ತಿತ್ತು. ಅಮ್ಮನಿಗೆ ಕೃತಜ್ಞಳಾಗಿರಬೇಕೋ ಅಮ್ಮನ ಮಿಷನ್ನನ್ನು ಮಹಡಿಯಿಂದ ಕೆಳಕ್ಕೆ ಎಸೆಯಬೇಕೋ ತಿಳಿಯಲಿಲ್ಲ. ಎಸೆಯಬೇಕೆಂದೇ ಹೆಚ್ಚಾಗಿ ಅನ್ನಿಸಿತು.

"ಕೆಳಗೆ ಬಂದು ಪೊಲೀಸರೆದುರಿಗೆ ಸುಳ್ಳು ಅಂತ ಒಪ್ಕೋಬೇಕು ನೀನು."

"ಯಾಕೆ ಸುಳ್ಳು ಹೇಳ್ದೆ ಅಂತ ಕೇಳ್ತಾರೆ."

"ಅದನ್ನೂ ಹೇಳು."

"ಅವ್ರ ಸೊಸೆ ಅಲ್ಲೇ ಇರ್ತಾಳೆ ಕಣೇ" ಎಂದಳು ಅಮ್ಮ. ಆ ದಿನ ಅವಳು ತಗ್ಗಿದ ದನಿಯಲ್ಲಿ ಆಡಿದ್ದು ಇದೊಂದೇ ಮಾತು.

ಆರು ದಿನ ತಾಯಿ ಮಗಳ ನಡುವೆ ಮಾತಿಲ್ಲ. ಅಪ್ಪ ಒಮ್ಮೆ ಸಂಧಾನಕ್ಕೆ ಬಾಯಿ ತೆರೆದ. ಮಗಳು ಅವನನ್ನು ನೋಡಿದ ನೋಟಕ್ಕೆ ಯಾವುದೋ ಲಿಫ್ಟ್ ನೆನಪಾಗಿ ಎದ್ದುಹೋದ. ಏಳನೆಯ ದಿನ ಭಾನುವಾರ. ಅಮ್ಮ ಒಳ್ಳೆಯ ಸೀರೆ ಉಟ್ಟು, ಯಾರನ್ನೂ ಕರೆಯದೆ ಮೆಟ್ಟಿಲಿಳಿದಳು. ಸಿಡುಕಿ ಹಿಂದೆಯೇ ಓಡಿದಳು. ಪೇದೆಗೆ ಅಮ್ಮನೇ ಹೇಳಿಕಳಿಸಿದ್ದಳು, ಅವನಾಗಲೇ ಬಂದು ಮಾಲೀಕರ ಹಜಾರದಲ್ಲಿ ಹಾಳೆ ಬಿಡಿಸಿಕೊಂಡು ಕೂತಿದ್ದ. ಒಳಗಿನ ಕೋಣೆಯಲ್ಲಿ ಮಗ ಊಟ ಮಾಡುತ್ತಿದ್ದ. ಟೈಲ್ಸ್ ಅಂಗಡಿ ಇಟ್ಟುಕೊಂಡಿರುವ, ಯಾರ ತಂಟೆಗೂ ಹೋಗದ ಮನುಷ್ಯ. ಸೊಸೆ ಅವನಿಗೆ ಬಡಿಸುತ್ತ ಬಾಗಿಲ ಹತ್ತಿರ ನಿಂತಿದ್ದಳು.

ಅಮ್ಮ ಸುತ್ತಿ ಬಳಸಲಿಲ್ಲ. "ಅಕ್ಕಾ, ನನ್ನ ಮಗಳಿಗೆ ಯಾವ ಕಾಯಿಲೇನೂ ಇಲ್ಲ. ನಾನು ಸುಳ್ಳು ಹೇಳಿದ್ದೆ. ನಿಮ್ಮನೆಗೆ ಕೊಡೋಕೆ ನಂಗೆ ಇಷ್ಟ ಇರ್ಲಿಲ್ಲ."

ಓನರ್ ಆಂಟಿಯ ಮುಖ ಕೆಂಪಾಯಿತು. "ಬೇಡ ಅಂತ ನೇರವಾಗಿ ಹೇಳ್ಬಹುದಿತ್ತಲ್ಲ."

"ಹೇಳಿದ್ರೆ ಮನೇಲಿ ಇಟ್ಕೊಳ್ತಿದ್ರಾ?"

ಆಂಟಿ ಯೋಚಿಸಿದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಹೆಂಗಸು. "ಇಲ್ಲ. ಆ ತಿಂಗಳೇ ಖಾಲಿ ಮಾಡಿಸ್ತಿದ್ದೆ."

"ಇದನ್ನೂ ಬರೀಬೇಕಾ?" ಎಂದು ಪೇದೆ ಕೇಳಿದ. ಅಮ್ಮನ ಹೇಳಿಕೆ ಬರೆದುಕೊಂಡು, ಆಂಟಿಯ ಹೇಳಿಕೆಯಲ್ಲಿ ಕಾಯಿಲೆಯ ವಿಷಯ ತಾಯಿಯಿಂದ ಕೇಳಿದ್ದೆಂದೂ, ತಾನು ಕಣ್ಣಾರೆ ಏನನ್ನೂ ಕಂಡಿಲ್ಲವೆಂದೂ ಅವನು ಬರೆದು ಮುಗಿಸಿದ. ಅಮ್ಮ ತನ್ನ ಹೇಳಿಕೆಗೆ ಸಹಿ ಹಾಕಿದಳು. ಪೆನ್ನು ಆಂಟಿಯ ಮುಂದಕ್ಕೆ ಬಂತು. ಅವರು ಅದನ್ನು ಮೇಜಿನ ಮೇಲೆ ಇಟ್ಟುಬಿಟ್ಟರು.

"ನಾನು ಹಾಕಲ್ಲ. ಆರು ವರ್ಷ ಈ ಹುಡುಗೀನ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾದಿದ್ದೀನಿ, ಮೆಟ್ಟಿಲಲ್ಲಿ ಬಿದ್ದಾಳು ಅಂತ. ನನ್ನ ಮಗನಲ್ಲಿ ಏನು ಕೊರತೆ ಇತ್ತು, ಅದು ಹೇಳ್ಲಿ ಮೊದ್ಲು."

"ಅವನಲ್ಲಿ ಏನೂ ಇಲ್ಲ. ಮದುವೆ ಆದ್ಮೇಲೆ ಓದು ಯಾಕೆ, ಮನೆ ನೋಡ್ಕೊಂಡ್ರೆ ಸಾಕು ಅಂತ ನೀವೇ ಅಂದ್ರಿ ಅವತ್ತು."

"ಅಂದೆ. ಇವತ್ತೂ ಅಂತೀನಿ. ತಪ್ಪೇನದರಲ್ಲಿ?"

ಸಿಡುಕಿಗೆ ಇನ್ನು ತಡೆಯಲಾಗಲಿಲ್ಲ. ತಪ್ಪೇನೆಂದು ಬೀದಿಗೆಲ್ಲ ಕೇಳುವಂತೆ ಹೇಳಲು ಅವಳು ಬಾಯಿ ತೆರೆಯುವಷ್ಟರಲ್ಲಿ ಬಾಗಿಲ ಬಳಿಯಿದ್ದ ಸೊಸೆ ಹಜಾರಕ್ಕೆ ಬಂದಳು. ಕೈಯಲ್ಲಿ ಸಾರಿನ ಸೌಟು ಹಾಗೆಯೇ ಇತ್ತು. ಔಷಧಶಾಸ್ತ್ರದ ಎರಡನೆಯ ವರ್ಷದಲ್ಲಿದ್ದಾಗ ಓದು ಬಿಡಿಸಿ ಅವಳನ್ನು ಈ ಮನೆಗೆ ತಂದಿದ್ದರು. ಐದು ವರ್ಷದಲ್ಲಿ ಮಹಡಿಯವರ ಜೊತೆ ಅವಳು ಆಡಿದ್ದು ನೀರು ಬಂತಾ, ಹೋಯ್ತಾ ಎಂಬಷ್ಟೇ ಮಾತು.

"ಅತ್ತೆ, ಸಹಿ ಹಾಕಿ" ಎಂದಳು. ಆಮೇಲೆ ಅಮ್ಮನ ಕಡೆ ತಿರುಗಿ, ಬಹಳ ಶಾಂತವಾಗಿ, "ಆಂಟಿ, ಈ ಸುಳ್ಳು ನಮ್ಮಮ್ಮಂಗೆ ಹೊಳೀಲಿಲ್ಲ ನೋಡಿ" ಎಂದಳು.

ಒಳಗೆ ತಟ್ಟೆಯ ಸದ್ದು ನಿಂತಿತು. ಪೇದೆ ಹಾಳೆಯನ್ನೇ ನೋಡುತ್ತ ಕೂತ. ಓನರ್ ಆಂಟಿ ಸೊಸೆಯನ್ನು ಹೊಸದಾಗಿ ಕಂಡವರಂತೆ ನೋಡಿದರು, ಪೆನ್ನು ತೆಗೆದುಕೊಂಡು ಸಹಿ ಹಾಕಿದರು.

ಒಂಬತ್ತನೆಯ ದಿನ ಮಂಡಳಿ ಕಡತದ ಮೇಲೆ 'ಅರ್ಹ' ಎಂದು ಬರೆಯಿತು. ತರಬೇತಿಗೆ ಸೇರುವ ದಿನಾಂಕವನ್ನೂ ಕೊಟ್ಟರು. ಸಿಡುಕಿ ಆ ಕಾಗದ ಹಿಡಿದು ಬಂದಾಗ ಅಮ್ಮ ಖಾಲಿ ಚೀಲ ಮಡಿಲಲ್ಲಿಟ್ಟುಕೊಂಡು ಮೆಟ್ಟಿಲಿನ ಮೇಲೆ ಕೂತಿದ್ದಳು. ದಾರ ತರಲೆಂದು ಹೊರಟವಳು ಅರ್ಧ ಇಳಿದು ಅಲ್ಲೇ ಉಳಿದಿದ್ದಳು. ಹಿಂದಿನ ದಿನವೂ ಹೀಗೇ ಇಳಿದು ವಾಪಸ್ ಹತ್ತಿದ್ದಳಂತೆ. ಕಾಗದವನ್ನು ಎರಡು ಸಲ ಓದಿ, ಮಡಚಿ, ಮಗಳ ಕೈಗೇ ಕೊಟ್ಟಳು.

"ಇನ್ನೂ ಕೋಪಾನಾ?"

"ಹೂಂ."

"ಇರ್ಲಿ ಬಿಡು. ನಿನ್ನ ಕೋಪ ನಾನು ತಡ್ಕೊಳ್ತೀನಿ. ಕೆಳಗಿನ ಆ ಸೊಸೆ ಹುಡುಗಿಯ ಬಾಗಿಲು ದಾಟ್ಕೊಂಡು ಹೋಗೋಕೆ ಆಗ್ತಿಲ್ಲ ನಂಗೆ. ನಿನ್ನ ತಪ್ಪಿಸಿದೆ ಅಂತ ಬೀಗ್ತಿದ್ದೆ ಕಣೇ. ನಾನು ತಪ್ಪಿಸಿದ್ದಕ್ಕೇ ತಾನೇ ಅವಳನ್ನ ತಂದಿದ್ದು?"

ಕೆಳಗಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಸಿಡುಕಿಯ ಬಾಯಿ ತುಂಬ ಬೈಗುಳವಿತ್ತು. ಅದನ್ನು ಯಾರಿಗೆ ಬೈಯಬೇಕೆಂದು ಅವಳಿಗೆ ಗೊತ್ತಾಗಲಿಲ್ಲ.