ನೆಗೆಣ್ಣಿ ಬೆರಳಿಟ್ಟು ತೋರಿಸಿದ ನೋವು

ಇದು ಎರಡು ವರ್ಷದ ಹಿಂದೆ, ದಸರಾ ರಜೆಯಲ್ಲಿ ಶುರುವಾದದ್ದು. ನಾನು ಭಾತಂಬ್ರಾದಿಂದ ದಿನವೂ ಬಸ್ಸಿನಲ್ಲಿ ಭಾಲ್ಕಿಗೆ ಹೋಗಿ ಶಾಲೆಯಲ್ಲಿ ಪಾಠ ಹೇಳುವವಳು. ಮನೆಯಲ್ಲಿ ಕಾರುಬಾರೆಲ್ಲ ನನ್ನ ಗಂಡನ ಅಣ್ಣನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ ಶಾಂತಾಬಾಯಿಯವರದು. ಅಕ್ಕ ಎಂದು ಕರೆಯುತ್ತೇನೆ. ಆದರೆ ಅವರ ಬಾಯಿಗೆ ಹೆದರುತ್ತಿದ್ದೆ.

ಅದಕ್ಕೂ ಮೂರು ವರ್ಷ ಮೊದಲಿನಿಂದ ನನಗೆ ಎದೆನೋವು. ಬಗ್ಗಿದರೆ, ಕೊಡ ಎತ್ತಿದರೆ, ಮಗಳು ಓಡಿಬಂದು ಅಪ್ಪಿಕೊಂಡರೂ ಜೀವ ಹಿಂಡಿದಂತಾಗುತ್ತಿತ್ತು. ಇಸಿಜಿ, ಎಂಡೋಸ್ಕೋಪಿ, ಸ್ಕ್ಯಾನಿಂಗ್ ಎಲ್ಲವೂ ನಾರ್ಮಲ್. ಗ್ಯಾಸ್ ಎಂದರು, ಟೆನ್ಶನ್ ಎಂದರು. ಕೊನೆಗೆ ನನ್ನ ಗಂಡನೂ "ಭಾಳ ವಿಚಾರ ಮಾಡಬ್ಯಾಡ" ಎನ್ನತೊಡಗಿದರು. ನನಗೇ ನನ್ನ ಮೇಲೆ ನಂಬಿಕೆ ಹೋಗಿತ್ತು. ರೊಟ್ಟಿ ಬಡಿಯಲು ಕುಳಿತರೆ ಅಕ್ಕ, "ಏಳು, ನಿನ್ನ ರೊಟ್ಟಿ ಯಾರೂ ತಿನ್ನಂಗಿಲ್ಲ" ಎಂದು ಎಬ್ಬಿಸಿಬಿಡುತ್ತಿದ್ದರು. ನೌಕರಿ ಮಾಡುವವಳೆಂದು ಚುಚ್ಚುತ್ತಾರೆ ಎಂದುಕೊಂಡು ಅಳುತ್ತಿದ್ದೆ.

ಆ ದಸರಾ ರಜೆಯಲ್ಲಿ ಒಂದು ದಿನ ಬೀದರಿನ ಒಬ್ಬ ಸರ್ಜನ್ ಹತ್ತಿರ ಹೋಗಬೇಕಿತ್ತು. ಗಂಡನಿಗೆ ಬಿಡುವಾಗದೆ ಅಕ್ಕನೇ ಜೊತೆಗೆ ಬಂದರು. ಡಾಕ್ಟರು ಫೈಲು ತಿರುವಿ, "ಎಲ್ಲಿ ನೋಯ್ತದ್ರಿ?" ಎಂದು ಕೇಳಿದರು. ನಾನು ಎಂದಿನಂತೆ ಇಡೀ ಎದೆಯ ಮೇಲೆ ಕೈಯಾಡಿಸಿದೆ.

"ಹಂಗಲ್ರಿ ಸಾಹೇಬ್ರ," ಎಂದು ಅಕ್ಕ ಎದ್ದರು. "ಆಕಿಗಿ ಹೇಳ್ಲಿಕ್ಕಿ ಬರಲ್ಲ. ಬಗ್ಗಿದಾಗೆಲ್ಲ ಇಲ್ಲೇ ಬಟ್ಟಿಟ್ಟು ಒತ್ತಿ ಹಿಡಕೋತಾಳ. ಮೂರು ವರ್ಷ ಆತು, ನೋಡ್ಲಿಕತ್ತೀನಿ." ಎದೆಯ ನಡುವಿನ ಎಲುಬು ಹೊಟ್ಟೆಯ ಹತ್ತಿರ ಮುಗಿಯುತ್ತದಲ್ಲ, ಸರಿಯಾಗಿ ಅಲ್ಲಿಗೆ ಬೆರಳಿಟ್ಟರು.

ಡಾಕ್ಟರು ಅಲ್ಲಿ ಮೆಲ್ಲಗೆ ಒತ್ತಿದ್ದೇ ತಡ, ನಾನು ಚೀರಿಬಿಟ್ಟೆ. ಅಕ್ಕ ಗಬಕ್ಕನೆ ಡಾಕ್ಟರ ಕೈ ಹಿಡಿದು, "ಸಾವಕಾಶ್ ರಿ!" ಎಂದು ಗದರಿದರು.

ಡಾಕ್ಟರಿಗೆ ನಗು ಬಂತು. ಆ ಎಲುಬಿನ ತುದಿಯದೇ ನೋವಿರಬಹುದು ಎಂದು, ಅಲ್ಲಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರು. ಸ್ವಲ್ಪ ಹೊತ್ತಿಗೆ ನಾನು ಬಗ್ಗಿ ನನ್ನ ಕಾಲ್ಬೆರಳು ಮುಟ್ಟಿದೆ. ನೋವೇ ಇರಲಿಲ್ಲ! ಸಂಜೆಗೆ ಮತ್ತೆ ಬಂತು. ಕೆಲವು ತಿಂಗಳು ಔಷಧಿ, ಇಂಜೆಕ್ಷನ್ ಮಾಡಿ ನೋಡಿದರೂ ನಿಲ್ಲಲಿಲ್ಲ. ಆಗ ಡಾಕ್ಟರು, "ಆಪರೇಷನ್ ಮಾಡಿ ಆ ತುದಿ ತೆಗೀಬಹುದು. ನೋವು ಪೂರಾ ಹೋಗ್ತದಂತ ಗ್ಯಾರಂಟಿ ಕೊಡ್ಲಿಕ್ಕಾಗಲ್ರಿ" ಎಂದರು. ಗಂಡ ಹಿಂದೆಮುಂದೆ ನೋಡಿದರು. ನಾನೇ ಹೂಂ ಅಂದೆ.

ಆಪರೇಷನ್ ದಿನ ಸ್ಟ್ರೆಚರ್ ಮೇಲೆ ಮಲಗಿದಾಗ ಮಾತ್ರ ಅಕ್ಕನ ಕೈ ಹಿಡಿದುಕೊಂಡೆ. "ಅಕ್ಕಾ, ಇಷ್ಟಾದಮ್ಯಾಲೂ ನೋವು ಹೋಗ್ಲಿಲ್ಲಂದ್ರ?"

"ಹೋಗಲ್ಲಂದ್ರ ಬಿಡು. ನಿನಗ ಬೈಕೋತ ಎಬ್ಬಿಸಿ ನಾನೇ ರೊಟ್ಟಿ ಬಡೀತೀನಿ. ಇಷ್ಟು ದಿನ ಮತ್ತೇನು ಮಾಡೀನಿ?"

ಅಷ್ಟರಲ್ಲಿ ಸ್ಟ್ರೆಚರ್ ಒಳಗೆ ಹೋಯಿತು. ಥಿಯೇಟರಿನ ದೀಪದ ಕೆಳಗೆ ನನ್ನ ಕಣ್ಣಲ್ಲಿ ನೀರು. ನರ್ಸಮ್ಮ "ಅಂಜಬ್ಯಾಡ್ರಿ" ಎಂದರು. ಅದು ಅಂಜಿಕೆಯಾಗಿರಲಿಲ್ಲ.

ತೆಗೆದದ್ದು ಬೆರಳ ತುದಿಯಷ್ಟು ಎಲುಬು. ಗಾಯ ಮಾಯಲು ಕೆಲವು ವಾರ ಹಿಡಿಯಿತು. ಹಳೆಯ ನೋವು ಇವತ್ತಿನವರೆಗೂ ಮರಳಿಲ್ಲ. ಚಳಿಗೆ ಹೊಲಿಗೆಯ ಜಾಗ ಒಂದಿಷ್ಟು ಎಳೆಯುತ್ತದೆ, ಅಷ್ಟೇ. ನನ್ನನ್ನು ನಾನೇ ನಂಬದಿದ್ದಾಗಲೂ ಒಬ್ಬರು ನಂಬಿದ್ದರು. ಒಂದೇ ಸೂರಿನಡಿ ಇದ್ದೂ ಅದು ನನಗೆ ಗೊತ್ತಾಗಲಿಲ್ಲವಲ್ಲ ಎಂಬ ನಾಚಿಕೆ ಮಾತ್ರ ಇನ್ನೂ ಹೋಗಿಲ್ಲ.