ಬಿಸಿಲಿಗೆ ಹಿಡಿದ ಗಾಯ

ಆ ವರ್ಷ ದೀಪಾವಳಿಗೆ ನಾನು ಊರಿಗೆ ಹೋದದ್ದು ದೊಡ್ಡ ವಿಜ್ಞಾನಿಯ ಗತ್ತಿನಲ್ಲಿ. ಪ್ರಯೋಗಾಲಯ ಸೇರಿ ಎರಡು ವರ್ಷವೂ ತುಂಬಿರಲಿಲ್ಲ. ಬರಿಗಣ್ಣಿಗೆ ಕಾಣದಷ್ಟು ಸಣ್ಣ ಕಣಗಳ ಬಿಳಿ ಪುಡಿ; ಅದರ ಮೇಲೆ ಬೆಳಕು ಬಿಟ್ಟರೆ ಸುತ್ತಲಿನ ಬ್ಯಾಕ್ಟೀರಿಯಾ ಸಾಯುತ್ತವೆ; ಮುಂದೊಂದು ದಿನ ಕೀವು ತುಂಬಿದ ಗಾಯಕ್ಕೂ ಇದೇ ಮದ್ದಾಗಬಹುದು. ಗಾದಿಗನೂರಿನಲ್ಲಿ ಇದನ್ನು ನನ್ನ ಬಾಯಿಂದ ಕೇಳದ ನೆಂಟರೇ ಉಳಿಯಲಿಲ್ಲ.

ಎಲ್ಲರಿಗಿಂತ ಗಮನವಿಟ್ಟು ಕೇಳಿದವನು ಅಣ್ಣ. ಊರ ಹೊರಗಿನ ಅದಿರು ಯಾರ್ಡಿನಲ್ಲಿ ಮೇಸ್ತ್ರಿಯಾಗಿದ್ದ. ಹಗಲೂ ರಾತ್ರಿ ಲಾರಿ ಓಡುತ್ತಿದ್ದ ಕಾಲ ಅದು. ಮನೆಗೆ ಬಂದರೂ ಅವನ ಫೋನು ಬಾಯಿ ಮುಚ್ಚುತ್ತಿರಲಿಲ್ಲ. ಅಂಥವನು ಅವತ್ತು ಫೋನು ಬದಿಗಿಟ್ಟು, ಬೂಟೂ ಬಿಚ್ಚದೆ ಕಟ್ಟೆಯ ಮೇಲೆ ಕೂತ.

“ಬೆಳಕಂದ್ರ ಯಾವ ಬೆಳಕು ತಂಗಿ? ಬಿಸಿಲು ನಡೀತೈತೇನು?”

“ನಡೀತೈತಣ್ಣಾ. ಬಿಸಿಲಿನಾಗೂ ಆ ಬೆಳಕು ಇರತೈತಿ.”

“ಎಷ್ಟೊತ್ತು ಹಿಡೀಬೇಕು?”

ನಾನು ಉಬ್ಬಿಹೋದೆ. ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದೆ. ಪುಡಿಯಿಲ್ಲದೆ ಬರೀ ಬಿಸಿಲಿನಿಂದ ಗಾಯ ವಾಸಿಯಾಗುವುದಿಲ್ಲ ಎಂಬ ಮಾತೊಂದನ್ನು ಮಾತ್ರ ಹೇಳಲಿಲ್ಲ. ಯಾಕೆ ಕೇಳ್ತಿ ಎಂದೂ ಕೇಳಲಿಲ್ಲ. ಅವನಿಗೆ ಸಕ್ಕರೆ ಕಾಯಿಲೆ ಇರುವುದು ನನಗೆ ಗೊತ್ತಿತ್ತು. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಸಂಕ್ರಾಂತಿ ಕಳೆದ ಮೇಲೆ ಅತ್ತಿಗೆ ಅಳುತ್ತ ಫೋನು ಮಾಡಿದಳು. ಬೂಟು ಕಚ್ಚಿ ಅಣ್ಣನ ಪಾದಕ್ಕೆ ಆಗಿದ್ದ ಗಾಯ ದೀಪಾವಳಿಗೆ ಮೊದಲೇ ಇತ್ತಂತೆ. ಅವನು ದಿನಾ ಮಧ್ಯಾಹ್ನ ಯಾರ್ಡಿನಲ್ಲಿ ಪಟ್ಟಿ ಬಿಚ್ಚಿ, ಆ ಕೆಂಪು ಧೂಳಿನ ನಡುವೆಯೇ ಪಾದವನ್ನು ಬಿಸಿಲಿಗೆ ಹಿಡಿದು ಕೂರುತ್ತಿದ್ದನಂತೆ. ಆಸ್ಪತ್ರೆಗೆ ನಡಿ ಎಂದು ಎಷ್ಟು ಬೇಡಿಕೊಂಡರೂ, “ತಂಗಿ ಹೇಳ್ಯಾಳ, ಆಕಿಗಿಂತ ಡಾಕ್ಟರು ಹೆಚ್ಚೇನು?” ಎನ್ನುತ್ತಿದ್ದನಂತೆ.

ನಾನು ಹೊಸಪೇಟೆಯ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮೊಣಕಾಲಿನ ಕೆಳಗೆ ಕಾಲು ತೆಗೆದಾಗಿತ್ತು. ನನಗೆ ಸಿಟ್ಟು ಬಂತು. ನನ್ನ ಮೇಲೆ ಬರಬೇಕಾದ ಸಿಟ್ಟು ಅವನ ಮೇಲೆ ಬಂತು.

“ನಾ ಮನ್ಯಾಗ ಇದ್ದಾಗ ಯಾಕ ತೋರಸಲಿಲ್ಲಣ್ಣಾ?” ಎಂದು ಎಲ್ಲರೆದುರೇ ಗದರಿದೆ.

ಅಣ್ಣ ಹೊದಿಕೆ ಸರಿಮಾಡಿಕೊಂಡ. “ತೋರಸೂಣು ಅಂತನ ಬಂದು ಕುಂತಿದ್ದೆ. ನೀ ಭಾಳ ಖುಷಿಲೆ ಹೇಳಾಕತ್ತಿದ್ದಿ. ನಡುವ ಬ್ಯಾಡ ಅನಿಸ್ತು.”