ಕುಂಕುಮವಿಟ್ಟ ಡಿಸ್ಕ್‌ಗಳು

ಕೋವಿಡ್ ಹಾವಳಿ ಇಳಿದ ಮರುವರ್ಷ. ಆಗ ನಾನು ಕೊಳ್ಳೇಗಾಲದ ಸಣ್ಣ ಕಂಪ್ಯೂಟರ್ ಸಂಸ್ಥೆಯೊಂದರಲ್ಲಿ ಸರ್ವಿಸ್ ಎಂಜಿನಿಯರ್. ಕೊಳ್ಳೇಗಾಲ, ಹನೂರು, ಯಳಂದೂರು, ಮೂರೂ ಕಡೆಯ ಕೆಲಸ ನನ್ನ ತಲೆಗೇ. ಎಂಜಿನಿಯರ್ ಎನ್ನುವುದು ವಿಸಿಟಿಂಗ್ ಕಾರ್ಡಿಗೆ. ಅರ್ಧ ಆಯುಷ್ಯ ಬಸ್ಸಿನಲ್ಲೇ ಕಳೆಯಿತು.

ಊರಿನ ಒಂದು ರೇಷ್ಮೆ ನೇಯ್ಗೆ ಘಟಕಕ್ಕೆ ಸ್ಟೋರೇಜ್ ಸರ್ವರ್ ಹಾಕಿಕೊಟ್ಟಿದ್ದೆ. ನಾಲ್ಕು ಹಾರ್ಡ್‌ಡಿಸ್ಕ್‌ಗಳ ಪೆಟ್ಟಿಗೆ ಅದು. ಅದರ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್ ನಾಲ್ಕನ್ನೂ ಸೇರಿಸಿ ಒಂದೇ ಉಗ್ರಾಣದಂತೆ ನೋಡಿಕೊಳ್ಳುತ್ತದೆ. ಒಂದು ಡಿಸ್ಕ್ ಕೆಟ್ಟರೂ ಉಳಿದ ಮೂರರಿಂದ ಎಲ್ಲ ಫೈಲ್‌ಗಳೂ ಸಿಗುತ್ತವೆ; ಎರಡು ಕೈಕೊಟ್ಟರೆ ಉಗ್ರಾಣವೇ ಮುಚ್ಚುತ್ತದೆ. ಒಳಗಿದ್ದದ್ದು ಹಿರಿಯ ನೇಕಾರ ರಾಚಪ್ಪನವರು ಬಿಡಿಸಿದ ಸೀರೆ ಅಂಚು, ಸೆರಗಿನ ಡಿಸೈನ್‌ಗಳು. ಕಾಗದದ ಮೂಲಗಳನ್ನು ಗೆದ್ದಲು ತಿಂದಿತ್ತು. ಅವರಿಗೆ ಕೈ ನಡುಕ ಬಂದು, ಮತ್ತೆ ಬಿಡಿಸುವ ಮಾತೇ ಇರಲಿಲ್ಲ. ಇನ್ನೊಂದು ಪ್ರತಿಗೆ ಎರಡನೆಯ ಪೆಟ್ಟಿಗೆ ತರಿಸಿ ಎಂದರೆ ಮಾಲೀಕ ನಾಗೇಂದ್ರ “ನೋಡಾಣ ಸಾ” ಎಂದು ಜಾರಿಕೊಳ್ಳುತ್ತಿದ್ದರು.

ವಿಜಯದಶಮಿಯ ಮಾರನೆಯ ದಿನ ನಾನು ಹನೂರಿನಲ್ಲಿದ್ದಾಗ ಅವರ ಫೋನ್ ಬಂತು.

“ಸಾ, ಒಂದು ಡಿಸೈನೂ ಕಾಣ್ತಿಲ್ಲ. ಹೊಸ ವಾಲ್ಯೂಮ್ ಮಾಡ್ಲಾ ಅಂತ ಕೇಳ್ತಾ ಅದೆ. ಒತ್ಬುಡ್ಲಾ?”

ವಾಲ್ಯೂಮ್ ಎಂದರೆ ನಾಲ್ಕು ಡಿಸ್ಕ್ ಸೇರಿದ ಆ ಉಗ್ರಾಣವೇ. ಹೂಂ ಎಂದು ಒತ್ತಿದರೆ ಸಾಫ್ಟ್‌ವೇರ್ ಹಳೆಯದನ್ನೆಲ್ಲ ಅಳಿಸಿ ಹೊಸದಾಗಿ ಶುರುಮಾಡುತ್ತದೆ. “ದಮ್ಮಯ್ಯ, ನಾನು ಬರೋವರೆಗೆ ಮೌಸ್ ಮುಟ್ಟಬೇಡಿ” ಎಂದು ಸಿಕ್ಕಿದ ಬಸ್ ಹತ್ತಿದೆ.

ಹೋಗಿ ನೋಡಿದರೆ ಸರ್ವರಿಗೆ ಚೆಂಡುಹೂವಿನ ಹಾರ. ಸರ್ವರ್ ಆರಿಸಿ ಡಿಸ್ಕ್‌ಗಳನ್ನು ಹೊರಗೆಳೆದೆ. ನಾಲ್ಕಕ್ಕೂ ವಿಭೂತಿ ಪಟ್ಟೆ, ನಡುವೆ ಕುಂಕುಮ. ಬೇರೆ ಹೊತ್ತಿನಲ್ಲಾದರೆ ನಗುತ್ತಿದ್ದೆ.

ರಾಚಪ್ಪನವರು ಗೋಡೆಗೊರಗಿ ನಿಂತಿದ್ದರು. “ನಾನೇ ಕಣ್ರಿ ಸಾ ತಗ್ದಿದ್ದು. ಆಯುಧಪೂಜೆಗೆ ಮಗ್ಗದ್ ಸಾಮಾನೆಲ್ಲ ಬಿಚ್ಚಿ ಒರ್ಸಿ ಕುಂಕುಮ ಇಟ್ಟೆ. ನನ್ ಕಸುಬೆಲ್ಲ ಇದ್ರೊಳಗೇ ಅದೆ ಅಂತೀರಿ, ಇದ್ನ ಹೆಂಗ್ ಬುಡಾದು?”

ನಾಗೇಂದ್ರ ಸಿಡುಕಿದರು. “ಎಲ್ಲಾ ಹಾಳ್ಮಾಡ್ಬುಟ್ಟು ಈಗ ಹೆಂಗ್ ಬುಡಾದು ಅಂತೀಯಲ್ಲ!” ಮುದುಕರು ತಲೆ ತಗ್ಗಿಸಿದರು.

ಸರ್ವರ್ ಓಡುತ್ತಿರುವಾಗಲೇ ಡಿಸ್ಕ್‌ಗಳನ್ನು ಎಳೆದದ್ದರಿಂದ ಸಾಫ್ಟ್‌ವೇರ್ ನಾಲ್ಕನ್ನೂ ಕೆಟ್ಟವೆಂದು ಗುರುತು ಹಾಕಿತ್ತು. ಜೋಡಿಸುವಾಗ ಅದಲುಬದಲಾಗಿದ್ದರೂ ಚಿಂತೆಯಿರಲಿಲ್ಲ. ಪ್ರತಿ ಡಿಸ್ಕಿನಲ್ಲೂ ಅದರ ಗುರುತು ಬರೆದಿರುತ್ತದೆ. ನನ್ನ ಭಯ ಬೇರೆ. ಎಳೆಯುವ ಹೊತ್ತಿಗೆ ಯಾರಾದರೂ ಫೈಲ್ ಉಳಿಸುತ್ತಿದ್ದರೆ ಒಂದು ಡಿಸ್ಕಿಗೂ ಇನ್ನೊಂದಕ್ಕೂ ತಾಳೆಯಾಗುವುದಿಲ್ಲ. ಸರ್ವರ್ ತನ್ನ ಕೆಲಸವನ್ನೆಲ್ಲ ದಾಖಲಿಸುವ ಲಾಗ್ ತೆರೆದೆ. ಆಯುಧಪೂಜೆಯ ಬೆಳಗಿನಿಂದ ಒಂದಕ್ಷರವೂ ಬರೆದಿರಲಿಲ್ಲ. ಪೂಜೆಯ ದಿನ ಮಗ್ಗವನ್ನಾಗಲಿ ಕಂಪ್ಯೂಟರನ್ನಾಗಲಿ ಅಲ್ಲಿ ಯಾರೂ ಕೆಲಸಕ್ಕೆ ಮುಟ್ಟುವುದಿಲ್ಲ.

ಕನೆಕ್ಟರ್‌ಗಳಿಗೆ ಅಂಟಿದ್ದ ವಿಭೂತಿಯನ್ನು ಸ್ಪಿರಿಟ್‌ನಿಂದ ಒರೆಸಿ, ಹಳೆಯ ವಾಲ್ಯೂಮನ್ನೇ ಮತ್ತೆ ಜೋಡಿಸು ಎಂದು ಆದೇಶ ಕೊಟ್ಟೆ. ಒಂದು ಡಿಸ್ಕ್ ಏಳಲೇ ಇಲ್ಲ. ಮೂರು ಎದ್ದವು. ಅಷ್ಟು ಸಾಕಿತ್ತು. ಪರದೆಯ ಮೇಲೆ ಮೊದಲು ಮೂಡಿದ್ದು ಒಂದು ಹಂಸದ ಅಂಚು.

ರಾಚಪ್ಪನವರು ಹತ್ತಿರ ಬಂದು ನಡುಗುವ ಬೆರಳಿಂದ ಅದನ್ನು ಸವರಿದರು. “ಬಂದ್ಯೇನವ್ವಾ” ಎಂದಷ್ಟೇ ಹೇಳಿ ಕಣ್ಣೊರೆಸಿಕೊಂಡರು.

“ಅವರ ಪೂಜೆಯಿಂದಲೇ ಕೆಟ್ಟಿದ್ದು ನಿಜ, ನಾಗೇಂದ್ರ. ಆದರೆ ಅವತ್ತು ನೀವೆಲ್ಲ ಪೂಜೆ ಅಂತ ಕೆಲಸ ಮುಟ್ಟದೆ ಇದ್ದದ್ದೇ ಡಿಸೈನ್‌ಗಳನ್ನು ಉಳಿಸಿದ್ದು” ಎಂದೆ. ನಾಗೇಂದ್ರ ಒಂದು ಕುರ್ಚಿ ಎಳೆದು ರಾಚಪ್ಪನವರನ್ನು ಕೂರಿಸಿದರು. ನಾಗೇಂದ್ರ ಕೊನೆಗೂ ತರಿಸಿದ ಎರಡನೆಯ ಪೆಟ್ಟಿಗೆ, ಎಲ್ಲ ಡಿಸೈನ್‌ಗಳ ಪ್ರತಿಯೊಂದಿಗೆ, ಈಗ ಯಳಂದೂರಿನ ಅವರ ತಂಗಿಯ ಮನೆಯಲ್ಲಿದೆ.

ಈ ಕಸುಬು ನನಗೆ ಕಲಿಸಿದ್ದು ಇಷ್ಟು: ಎಲ್ಲೇ ಸರ್ವರ್ ಹಾಕಲಿ, ಪಾಸ್‌ವರ್ಡ್ ಯಾರಿಗೆ ಕೊಡಲಿ ಎಂದು ಕೇಳುವ ಮೊದಲು, ಇದಕ್ಕೆ ಪೂಜೆ ಮಾಡುವವರು ಯಾರು ಎಂದು ಕೇಳುತ್ತೇನೆ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಳಗೆ ಏನಿದೆ ಎಂದು ತೋರಿಸಿ, ಕುಂಕುಮಕ್ಕೆ ಮುಚ್ಚಳದ ಮೇಲೆ ಜಾಗ ಗುರುತು ಮಾಡಿಕೊಡುತ್ತೇನೆ.